ಹನ್ನೆರಡನೇ ನಿಮಿಷಕ್ಕೆ ನಾಯಿ ಬೊಗಳುತ್ತೆ

"ನೀವು ಯೂಟ್ಯೂಬ್‌ನಲ್ಲಿ ಏನು ನೋಡ್ತೀರಾ?"

ಗಿರಿರಾಜ್ ಕೇಳಿದ್ದು ಇಷ್ಟೇ. ವಚನಾಳ ಅಂಗೈ ತಣ್ಣಗಾಗಿಬಿಟ್ಟಿತು.

ಹೆಣ್ಣು ನೋಡಲು ಬಂದವರು ಕೆಳಗೆ ಕೂತು ಉಪ್ಪಿಟ್ಟು ತಿನ್ನುತ್ತಿದ್ದರು. ಹುಡುಗ ಹುಡುಗಿ ಹತ್ತು ನಿಮಿಷ ಮಾತಾಡಿಕೊಳ್ಳಲಿ ಎಂದು ಹಿರಿಯರು ಇಬ್ಬರನ್ನೂ ವಿಜಯನಗರದ ಅವಳ ಮನೆಯ ತಾರಸಿಗೆ ಕಳಿಸಿದ್ದರು. ಒಣಹಾಕಿದ ಸಂಡಿಗೆಯ ಪಕ್ಕ ನಿಂತು ಹುಡುಗನಾದವನು ಓದು, ಕೆಲಸ, ಅಡುಗೆ ಅಂತ ಏನು ಬೇಕಾದರೂ ಕೇಳಬಹುದಿತ್ತು. ಎಲ್ಲ ಬಿಟ್ಟು ಇದನ್ನೇ ಯಾಕೆ ಕೇಳಿದ?

'ಇವರಿಗೆ ಗೊತ್ತಾಗಿದೆಯಾ...'

"ಜಾಸ್ತಿ ಏನೂ ನೋಡಲ್ಲ," ಎಂದಳು ಕಷ್ಟಪಟ್ಟು. "ಕಿರುಚಾಟ, ಜಗಳ ಇದ್ರೆ ನಂಗೆ ಆಗಲ್ಲ."

"ಜಗಳ ಇಲ್ದೇ ಇರೋವು ಒಂದಷ್ಟಿವೆ. ಕಳಿಸ್ಲಾ?"

ಅವನು ರಾಜಾಜಿನಗರದಲ್ಲಿ ಕಿವಿ ಪರೀಕ್ಷೆ ಮಾಡುವ ಕೇಂದ್ರವೊಂದರಲ್ಲಿ ಕೆಲಸಕ್ಕಿದ್ದ. ಮೆಲ್ಲಗೆ ಮಾತಾಡುವುದು ಅಭ್ಯಾಸವಾಗಿತ್ತು. ಆ ದನಿ ಅವಳಿಗೆ ಮೆಟ್ಟಿಲು ಹತ್ತುವಾಗಲೇ ಹಿಡಿಸಿತ್ತು. ಹಿಡಿಸಿತೆಂಬುದಕ್ಕೇ ಇನ್ನಷ್ಟು ಭಯ.

ಯಾಕೆ ಭಯ ಅಂತೀರಾ? ಎರಡು ವರ್ಷದ ಹಿಂದೆ ವಿಜಯನಗರ ಮಾರ್ಕೆಟ್ಟಿನಲ್ಲಿ ಯಾರೋ ಒಬ್ಬ ಅವಳ ತಾಯಿ ನೀಲಗಂಗಮ್ಮನ ಬ್ಯಾಗು ಕಿತ್ತುಕೊಂಡು ಓಡಿದ್ದ. ವಚನಾ ಅಟ್ಟಿಸಿಕೊಂಡು ಹೋಗಿ, ಹಿಡಿದು, ಬಾಯಿಗೆ ಬಂದದ್ದು ಬೈದು ಎರಡು ಬಾರಿಸಿದ್ದಳು. ಆಮೇಲೆ ಅವನು ಹಲ್ಲುಬಿಟ್ಟು, ಮೂಲೆಯಲ್ಲಿದ್ದ ಕ್ಯಾಮೆರಾ ತೋರಿಸಿ, ಇದು ತಮಾಷೆಯ ವಿಡಿಯೋ ಎಂದಿದ್ದ.

ತಮಾಷೆಯಂತೆ! ಬ್ಯಾಗು ಕಿತ್ತುಕೊಂಡ ಭಾಗವನ್ನು ಕತ್ತರಿಸಿ, ಅವಳು ಕಿರುಚುವುದನ್ನು ಮಾತ್ರ ಉಳಿಸಿ, 'ವಿಜಯನಗರದ ಗಯ್ಯಾಳಿ' ಎಂದು ಹೆಸರಿಟ್ಟು ಹಾಕಿದ. ಹದಿನೆಂಟು ಲಕ್ಷ ಜನ ನೋಡಿದರು. ಬಸ್ಸಿನಲ್ಲಿ ಪಕ್ಕ ಕೂತವರು ಫೋನು ನೋಡಿ, ಅವಳ ಮುಖ ನೋಡಿ, ಮತ್ತೆ ಫೋನು ನೋಡುತ್ತಿದ್ದರು. ಒಂದು ಸಂಬಂಧ ಆಗಲೇ ತಪ್ಪಿಹೋಗಿತ್ತು. ಅಂದಿನಿಂದ ಯಾರ ಫೋನಿನಲ್ಲಾದರೂ ಗಲಾಟೆಯ ಸದ್ದು ಬಂದರೆ ಸಾಕು, ವಚನಾಳ ಎದೆ ಹೊಡೆದುಕೊಳ್ಳುತ್ತಿತ್ತು.

ಈ ಸಲ ಅವಳ ತಂದೆ ಗುರುಬಸಪ್ಪ ಮನೆಯಲ್ಲಿ ಒಂದೇ ಮಾತು ಹೇಳಿದ್ದರು. ಅವರಾಗಿ ಕೇಳಿದರೆ ಹೇಳೋಣ, ಕೇಳದಿದ್ದರೆ ನಾವಾಗಿ ಎತ್ತುವುದು ಬೇಡ. ಗಿರಿರಾಜನ ಮನೆಯವರು ಕೇಳಲಿಲ್ಲ. ಒಪ್ಪಿಗೆ ಎಂದು ಹೇಳಿ ಕಳಿಸಿದರು.

ಮರುದಿನವೇ ಮೊದಲ ಲಿಂಕ್ ಬಂತು. ತೆರೆಯುವ ಮೊದಲು ವಚನಾ ಕಣ್ಣು ಮುಚ್ಚಿಕೊಂಡಳು. 'ಅದೇ ವಿಡಿಯೋ ಇದ್ದರೆ...' ಕಣ್ಣು ಬಿಟ್ಟರೆ ಒಬ್ಬ ಅಜ್ಜಿ ಮಾತಿಲ್ಲದೆ ಕೌದಿ ಹೊಲಿಯುತ್ತಿದ್ದರು. ಕೆಳಗೆ ಅವನ ಬರಹ: 'ಹನ್ನೆರಡನೇ ನಿಮಿಷಕ್ಕೆ ನಾಯಿ ಬೊಗಳುತ್ತೆ. ಗಾಬರಿಯಾಗ್ಬೇಡಿ.'

ಎಂಥ ವಿಚಿತ್ರ ಮನುಷ್ಯ, ಅಂದುಕೊಂಡಳು. ಆದರೂ ಹನ್ನೆರಡನೇ ನಿಮಿಷದವರೆಗೂ ಕಾದಳು. ನಾಯಿ ಬೊಗಳಿತು. ಅವಳಿಗೆ ನಗು ಬಂತು.

ಆಮೇಲೆ ಹಳೆಯ ರೇಡಿಯೋ ಬಿಚ್ಚಿ ಸರಿಮಾಡುವ ಮುದುಕರ ಚಾನೆಲ್ ಬಂತು. ಲಾರಿ ನಿಲ್ಲಿಸಿ ರಸ್ತೆಬದಿಯಲ್ಲಿ ಅನ್ನ ಸಾರು ಮಾಡಿಕೊಳ್ಳುವ ಡ್ರೈವರನದು ಬಂತು. ಕುಕ್ಕರ್ ಎರಡು ಸಲ ಕೂಗುತ್ತೆ ಎಂದು ಅದಕ್ಕೂ ಸೂಚನೆ. ಕೆರೆಯ ಹಕ್ಕಿಗಳನ್ನು ಗಂಟೆಗಟ್ಟಲೆ ತೋರಿಸುವ ವಿಡಿಯೋಗೆ 'ಇದು ಸ್ವಲ್ಪ ಬೋರು, ನಿದ್ದೆ ಬರುತ್ತೆ, ಒಳ್ಳೇದೇ' ಎಂದು ಬರೆದಿದ್ದ. ಮೂರು ವಾರದಲ್ಲಿ ವಚನಾ ಆ ಅಜ್ಜಿಯ ಸೂಜಿ, ಡಬ್ಬಿ, ಬಳೆ ಎಲ್ಲವನ್ನೂ ಬಲ್ಲವಳಾದಳು. ಗಿರಿರಾಜನನ್ನು ಪ್ರೀತಿಸತೊಡಗಿದ್ದಳು ಎನ್ನುವುದನ್ನು ನಾನು ಬೇರೆ ಹೇಳಬೇಕಾಗಿಲ್ಲ.

ಪ್ರೀತಿ ಬಂದ ಮೇಲೆ ಭಯ ದುಪ್ಪಟ್ಟಾಯಿತು. ಪ್ರತಿ ಲಿಂಕಿಗೂ ಅದೇ ನಡುಕ. ದಿನವಿಡೀ ಫೋನು ನೋಡುವ ಮನುಷ್ಯ, ಇವತ್ತಲ್ಲ ನಾಳೆ ಅದು ಅವನ ಕಣ್ಣಿಗೆ ಬೀಳದೆ ಇರುತ್ತದೆಯೇ?

ಬುಧವಾರ ಮಧ್ಯಾಹ್ನ ಅವಳು ಗೋವಿಂದರಾಜನಗರದ ಲ್ಯಾಬಿನಲ್ಲಿ ರಕ್ತದ ಸ್ಯಾಂಪಲ್‌ಗಳಿಗೆ ಹೆಸರು ಅಂಟಿಸುತ್ತಿದ್ದಾಗ ಫೋನು ಮಿಡಿಯಿತು. ಲಿಂಕ್ ಇತ್ತು, ನೆಟ್‌ವರ್ಕ್ ಸರಿಯಿಲ್ಲದೆ ಚಿತ್ರ ಕಾಣಲಿಲ್ಲ. ಎಂದಿನ ಸೂಚನೆಯೂ ಇರಲಿಲ್ಲ.

'ನೋಡಿ. ಸಂಜೆ ಮಾತಾಡೋಣ.'

ಮುಗಿಯಿತು. ಸಿಕ್ಕಿಬಿಟ್ಟಿದೆ ಅವನಿಗೆ.

ಕೈಲಿದ್ದ ಸ್ಯಾಂಪಲ್ ಕೆಳಗಿಟ್ಟು ಸ್ಟೂಲಿನ ಮೇಲೆ ಕೂತಳು. ಲಿಂಕ್ ತೆರೆಯಲು ಧೈರ್ಯವಾಗಲಿಲ್ಲ. ಅವನ ಬಾಯಿಂದ ಬೇಡ ಎಂದು ಕೇಳಿಸಿಕೊಳ್ಳುವ ಶಕ್ತಿಯಂತೂ ಇರಲೇ ಇಲ್ಲ. 'ಈ ಸಂಬಂಧ ಬೇಡ, ಕ್ಷಮಿಸಿ' ಎಂದು ಬರೆದು ಕಳಿಸಿ, ಅವನ ನಂಬರ್ ಬ್ಲಾಕ್ ಮಾಡಿದಳು. ಮನೆಗೆ ಫೋನು ಮಾಡಿ ತಾಯಿಗೂ ಅದನ್ನೇ ಹೇಳಿದಳು. ನೀಲಗಂಗಮ್ಮ ಕಾರಣ ಕೇಳಲಿಲ್ಲ, ಅತ್ತರು.

ಐದೂವರೆಗೆ ಹೊರಗೆ ಬಂದರೆ ಗಿರಿರಾಜ್ ಗೇಟಿನ ಬಳಿ ನಿಂತಿದ್ದ. ಬೆವರಿದ್ದ.

"ಬೇಡ ಅಂದ್ರೆ ಬೇಡ, ಬಲವಂತ ಮಾಡಲ್ಲ. ನಾನೇನು ತಪ್ಪು ಮಾಡ್ದೆ ಅಂತ ಹೇಳ್ಬಿಡಿ, ಹೋಗ್ತೀನಿ."

ಅವಳಿಗೆ ಓಡಿಹೋಗಬೇಕೆನಿಸಿತು. ಓಡಲಿಲ್ಲ. ಮಧ್ಯಾಹ್ನದ ಮೆಸೇಜು ತೆರೆದು ಫೋನು ಅವನ ಮುಂದೆ ಹಿಡಿದಳು.

"ಕಿರುಚ್ತಿರೋದು ನಾನೇ. ಮೊದ್ಲೇ ಹೇಳ್ಬೇಕಿತ್ತು. ಹೆದರ್ಕೊಂಡೆ... ಏನು ಅನ್ಬೇಕು ಅನ್ಕೊಂಡ್ರೋ ಇಲ್ಲೇ ಅಂದ್ಬಿಡಿ."

ಗಿರಿರಾಜ್ ಲಿಂಕ್ ಒತ್ತಿದ. ಕೌದಿಯ ಅಜ್ಜಿ ಸೂಜಿಗೆ ದಾರ ಪೋಣಿಸುತ್ತಿದ್ದರು. ಹೊಸ ವಿಡಿಯೋ.

ವಚನಾ ಬೆಪ್ಪಾಗಿ ನೋಡಿದಳು.

ಅವನು ಇನ್ನೂ ಮೆಲ್ಲಗೆ ಮಾತಾಡಿದ. ಇವತ್ತು ಕೇಂದ್ರದಲ್ಲಿ ಜನ ಜಾಸ್ತಿ ಇದ್ದರಂತೆ, ಪೂರ್ತಿ ನೋಡಲು ಬಿಡುವಾಗಲಿಲ್ಲವಂತೆ. ಎಲ್ಲಿ ಸದ್ದಿದೆ ಎಂದು ಗೊತ್ತಿಲ್ಲದೆ ಸೂಚನೆ ಬರೆಯಲಿಲ್ಲವಂತೆ. ಸಂಜೆ ಮಾತಾಡಬೇಕೆಂದಿದ್ದು ನಿಶ್ಚಿತಾರ್ಥದ ದಿನದ ಬಗ್ಗೆ.

"ಆ ಮಾರ್ಕೆಟ್ ವಿಡಿಯೋ ನಾನು ನಿಮ್ಮನೆಗೆ ಬರೋ ಮೊದ್ಲೇ ನೋಡಿದೀನಿ, ವಚನಾ."

"ಮೊದ್ಲೇನಾ?"

"ವಿಚಾರಿಸ್ದೆ ಹೆಣ್ಣು ನೋಡೋಕೆ ಯಾರು ಬರ್ತಾರೆ? ಅಪ್ಪ ನಿಮ್ಮ ಬೀದೀಲಿ ಎರಡು ದಿನ ಓಡಾಡಿದ್ರು. ಮೊದ್ಲು ವಿಡಿಯೋ ಸಿಕ್ತು. ಆಮೇಲೆ ಮಾರ್ಕೆಟ್ಟಿನ ಹೂವಿನಂಗಡಿ ಸತ್ಯವತಿ ಆಂಟಿ, ಅದ್ರಲ್ಲಿಲ್ದೇ ಇರೋದನ್ನೂ ಹೇಳಿದ್ರು."

ನಿಜವೇ! ಯಾವ ಮನೆಯವರು ವಿಚಾರಿಸದೆ ಉಪ್ಪಿಟ್ಟಿಗೆ ಬರುತ್ತಾರೆ? ಭಯದಲ್ಲಿ ವಚನಾಳ ಮನೆಯ ಮೂವರಿಗೂ ಇಷ್ಟು ಸಣ್ಣ ವಿಷಯ ಹೊಳೆದಿರಲಿಲ್ಲ.

"ಗೊತ್ತಿದ್ದೂ ಯಾಕೆ ಬಂದ್ರಿ?"

"ಅಮ್ಮನಿಗೋಸ್ಕರ ಅಷ್ಟು ದೂರ ಓಡಿದೋರನ್ನ ನೋಡ್ಬೇಕು ಅನ್ನಿಸ್ತು. ತಾರಸೀಲಿ ನೀವು ಜಗಳ ಆಗಲ್ಲ ಅಂದಾಗ, ಇವ್ರು ಇನ್ನೂ ಹೆದರಿದಾರೆ ಅಂತ ಗೊತ್ತಾಯ್ತು. ಅದಕ್ಕೆ ಪ್ರತಿಯೊಂದನ್ನೂ ನಾನೇ ಮೊದ್ಲು ಕೊನೇವರೆಗೂ ನೋಡಿ ಕಳಿಸ್ತಿದ್ದೆ."

ಅವಳ ಕಣ್ಣು ತುಂಬಿತು. ಹಕ್ಕಿಗಳ ಆ ವಿಡಿಯೋ ಎರಡೂವರೆ ಗಂಟೆಯದು. ಯಾರು ನೋಡುತ್ತಾರೆ ಅದನ್ನು ಕೊನೆಯವರೆಗೆ?

"ನಂಗೆ ಈಗ್ಲೂ ಭಯ ಆಗ್ತಿದೆ," ಎಂದಳು.

"ನಂಗೂ. ಮಧ್ಯಾಹ್ನದಿಂದ."

ವಚನಾ ಕಣ್ಣೊರೆಸಿಕೊಂಡು ತಂದೆಗೆ ಫೋನು ಹಚ್ಚಿದಳು. ಮಾಗಡಿ ರಸ್ತೆಯ ಕಡೆಗೆ ಎರಡು ಬಸ್ಸು ಒಟ್ಟಿಗೆ ಹಾರ್ನ್ ಹೊಡೆದುಕೊಂಡು ಹೋಗುತ್ತಿದ್ದವು. ಅವಳು ಹೇಳಿದ್ದು ಗುರುಬಸಪ್ಪನವರಿಗೆ ಕೇಳಿಸಲಿಲ್ಲ. ಏನವ್ವಾ, ಜೋರಾಗಿ ಹೇಳು ಎಂದರು. ಅವಳು ಸುತ್ತ ನೋಡಿದಳು. ಫುಟ್‌ಪಾತಿನ ತುಂಬ ಜನ, ಎಲ್ಲರ ಕೈಯಲ್ಲೂ ಫೋನು.

"ನಂಗೆ ಒಪ್ಪಿಗೆ, ಅಪ್ಪಾಜಿ! ಗಿರಿರಾಜ್ ನಂಗೆ ಒಪ್ಪಿಗೆ!"

ಎರಡು ವರ್ಷದಲ್ಲಿ ಮೊದಲ ಸಲ ಬೀದಿಯಲ್ಲಿ ಅವಳ ದನಿ ಏರಿತ್ತು. ಬಸ್ಸಿನ ಕಿಟಕಿಯಲ್ಲಿದ್ದವರೂ ತಿರುಗಿದರು.

"ಎಲ್ರೂ ನೋಡ್ತಿದಾರೆ," ಎಂದ ಗಿರಿರಾಜ್.

"ನೋಡ್ಲಿ ಬಿಡಿ," ಎಂದು ಅವಳು ಅವನ ಕೈ ಹಿಡಿದುಕೊಂಡಳು.