ಅಂಗಿಯ ಮಡಿಕೆ

ಬೆಳಿಗ್ಗೆ ಒಂಬತ್ತಕ್ಕೆ ಲಾಂಡ್ರಿ ಯಜಮಾನ ತನ್ನ ಅಂಗಡಿಯಲ್ಲೇ ಹೆಣವಾಗಿ ಬಿದ್ದಿದ್ದ. ತಲೆ ಒಡೆದಿತ್ತು. ಪಕ್ಕದಲ್ಲೇ ಇಸ್ತ್ರಿ ಪೆಟ್ಟಿಗೆ. ಮೂಲೆಯ ಸ್ಟೂಲಿನಲ್ಲಿ ಅವನ ತಮ್ಮ, ರಕ್ತ ಮೆತ್ತಿದ ಅಂಗಿ ತೊಟ್ಟುಕೊಂಡೇ, ಯಾರದೋ ಷರಟಿಗೆ ಗುಂಡಿ ಹೊಲಿಯುತ್ತಿದ್ದ. ಇಲ್ಲದ ದನಿಗಳು ಕೇಳಿಸುವ ಕಾಯಿಲೆ ಅವನಿಗೆ, ಹತ್ತು ವರ್ಷದಿಂದ.

“ನೀನೇ ಹೊಡೆದೆಯೇನಪ್ಪ?” ಇನ್ಸ್‌ಪೆಕ್ಟರ್ ಕೇಳಿದ.

“ಹೌದು, ನಾನೇ.”

ಅದೇ ಅಂಗಡಿಯಲ್ಲಿ ಕೆಲಸ ಮಾಡುತ್ತಿದ್ದ ಸತ್ತವನ ಬಾಮೈದ ಮುಂದೆ ಬಂದ. “ಕಣ್ಣಾರೆ ಕಂಡೆ ಸಾರ್. ಇದೇ ಅಂಗಿ ಹಾಕ್ಕೊಂಡು ಭಾವನ ತಲೆ ಮೇಲೆ ಕುಕ್ಕಿದ. ಹುಚ್ಚ, ಪಾಪ. ಆಸ್ಪತ್ರೆಗೆ ಸೇರಿಸಿಬಿಡಿ. ಸಾಯೋವರೆಗೂ ಅಲ್ಲೇ ಬಿದ್ದಿರಲಿ.”

“ಬಾಯ್ಮುಚ್ಚೋ!” ಯಜಮಾನನ ಹೆಂಡತಿ ಒಡಹುಟ್ಟಿದವನನ್ನೇ ಗದರಿದಳು. “ಸಾರ್, ನನ್ನ ಮೈದುನ ಇರುವೇನೂ ತುಳಿಯೋನಲ್ಲ. ಕೂಡಿಹಾಕಿದ್ರೆ ತಿಂಗಳೂ ಬದುಕಲ್ಲ.”

ಸಾಕ್ಷಿಯೂ ಇದೆ, ಒಪ್ಪಿಗೆಯೂ ಇದೆ. ಸುಲಿದ ಬಾಳೆಹಣ್ಣಿನಂಥ ಕೇಸು. ಸುಲಿದು ಕೊಟ್ಟವರು ಯಾರು ಅನ್ನೋದೇ ಇನ್ಸ್‌ಪೆಕ್ಟರನ ತಲೆ ಕೊರೆಯತೊಡಗಿತು.

*

ಠಾಣೆಗೆ ಮನೋವೈದ್ಯೆ ಬಂದಳು. ತಮ್ಮನ ಎದುರು ಕೂತು, ಗಿರಗಿರ ತಿರುಗುತ್ತಿದ್ದ ಫ್ಯಾನು ತೋರಿಸಿದಳು.

“ಇದನ್ನ ಕೆಡಿಸಿದ್ದು ನೀನೇನಾ?”

“ಹೌದು, ನಾನೇ. ತಪ್ಪಾಯ್ತು.”

ಆಕೆ ಇನ್ಸ್‌ಪೆಕ್ಟರನತ್ತ ತಿರುಗಿದಳು. “ಏನು ಕೇಳಿದ್ರೂ ಹೂಂ ಅಂತಾನೆ. ಈ ಒಪ್ಪಿಗೆ ಕಸಕ್ಕೆ ಸಮ.”

“ಅಂದ್ರೆ ಹುಚ್ಚ. ಕೇಸು ಮುಗೀತಲ್ಲ ಮೇಡಂ?”

“ಎಲ್ಲಾನೂ ಒಂದೇ ಬಕೆಟ್ಟಿಗೆ ಹಾಕಬೇಡಿ. ಕೋರ್ಟಲ್ಲಿ ನಡೆಯೋದು ಇವನಿಗೆ ಈಗ ಅರ್ಥ ಆಗುತ್ತಾ? ಅದೊಂದು. ಹೊಡೆದ ಗಳಿಗೇಲಿ, ತಾನೇನು ಮಾಡ್ತಿದೀನಿ, ಅದು ತಪ್ಪು ಅಂತ ಗೊತ್ತಿತ್ತಾ? ಅದು ಬೇರೆ. ಅದಕ್ಕೂ ಮುಂಚೆ, ಹೊಡೆದದ್ದು ಇವನೇನಾ? ಅದು ನಿಮ್ಮ ಕೆಲಸ, ನನ್ನದಲ್ಲ.”

ಇನ್ಸ್‌ಪೆಕ್ಟರ್ ಕೆಮ್ಮಿ, ಅಂಗಿ ತರಿಸಿದ.

*

ಮರುದಿನ ಇನ್ಸ್‌ಪೆಕ್ಟರ್ ಎಲ್ಲರನ್ನೂ ಅಂಗಡಿಗೆ ಕರೆಸಿ, ಇಸ್ತ್ರಿ ಮೇಜಿನ ಮೇಲೆ ಆ ಅಂಗಿ ಹರಡಿದ. ಎದೆಯಲ್ಲಿ, ಬೆನ್ನಲ್ಲಿ, ಎರಡೂ ತೋಳಲ್ಲಿ ಕಲೆ. ಇಸ್ತ್ರಿಯ ಗೆರೆ ಹಿಡಿದು ಮಡಚುತ್ತಾ ಹೋದ. ಕಲೆಗಳು ಒಂದರ ಮೇಲೊಂದು ಕೂತು ಒಂದೇ ಆದವು.

“ರಕ್ತ ಬಿದ್ದಾಗ ಈ ಅಂಗಿ ಮೇಜಿನ ಮೇಲೆ ಮಡಚಿಟ್ಟಿತ್ತು, ಯಾರ ಮೈಮೇಲೂ ಇರಲಿಲ್ಲ. ‘ಇದೇ ಅಂಗಿ ಹಾಕ್ಕೊಂಡು ಹೊಡೆದ’ ಅಂದೆಯಲ್ಲಯ್ಯ? ಎಲ್ಲಿ ಕಂಡೆ?”

ಬಾಮೈದ ಮಡಿಕೆ ಬಿಡಿಸಿ ನೋಡಿದ. ಜೀವಮಾನವಿಡೀ ಪರರ ಕಲೆ ತೆಗೆದವನಿಗೆ ಈ ಕಲೆಯ ಲೆಕ್ಕ ಹೊಳೆದಿರಲಿಲ್ಲ. ಕೊನೆಗೆ ಸ್ಫೋಟಿಸಿದ:

“ಇಪ್ಪತ್ತು ವರ್ಷ ಇಸ್ತ್ರಿ ತಿಕ್ಕಿದ್ದು ನಾನು! ಭಾವ ಅಂಗಡಿ ಬರೆದುಕೊಡೋದು ಆ ಹುಚ್ಚನ ಹೆಸರಿಗಾ?” ಮರುಗಳಿಗೆ ತಲೆ ಹಿಡಿದುಕೊಂಡ. “ನಂಗೂ ದನಿ ಕೇಳಿಸ್ತು ಸಾರ್! ಹೊಡಿ ಅಂತು!”

“ಅದನ್ನ ಡಾಕ್ಟರಮ್ಮ ನೋಡ್ತಾರೆ. ಆದ್ರೆ ಹೊಡೆದವನೇ ಆ ಅಂಗೀನ ಅವನಿಗೆ ತೊಡಿಸಿದೆ. ತಪ್ಪು ಅಂತ ಗೊತ್ತಿಲ್ಲದೋನು ಇನ್ನೊಬ್ಬನ ತಲೆಗೆ ಕಟ್ತಾನೇನೋ?”

ಬಾಗಿಲಲ್ಲಿದ್ದ ಅವನ ಅಕ್ಕ, ಯಜಮಾನನ ಹೆಂಡತಿ, ಎಲ್ಲ ಕೇಳಿಸಿಕೊಂಡಳು. ಒಡಹುಟ್ಟಿದವನ ಕಡೆ ತಿರುಗಿಯೂ ನೋಡದೆ, ಮೈದುನನ ಕೈ ಹಿಡಿದಳು.

“ನಡಿಯಪ್ಪ, ಮನೆಗೆ.”