ಚಿಕ್ಕಮ್ಮನ ಅಂಗಡಿಗೆ ಬಂದವರು

ನಮ್ಮನ್ನು ಸಾಕಿದ ಚಿಕ್ಕಮ್ಮ ತೀರಿಕೊಂಡ ಮೇಲೆ ಅವರ ಹೊಲಿಗೆ ಅಂಗಡಿಯನ್ನೇ ಒಂದು ಕಂಪ್ಯೂಟರ್ ಆಟ ಮಾಡಿದೆ. ಆಡುವವರು ಖಾಲಿ ಅಂಗಡಿಯಲ್ಲಿ ಕೂತು ಬಟ್ಟೆ ಹೊಲಿಯಬೇಕು, ಅಷ್ಟೇ. ನನ್ನೊಬ್ಬಳದೇ ಕೆಲಸ, ಆಟಕ್ಕೆ ಶಬ್ದ ಸೇರಿಸಲು ಆಗಲೇ ಇಲ್ಲ. ಪುಕ್ಕಟೆ ಬಿಡುಗಡೆ ಮಾಡಿ, ಕಂಡಕಂಡಲ್ಲಿ ಲಿಂಕ್ ಹಾಕಿ ಗೋಗರೆದೆ. ನಾಯಿಯೂ ಮೂಸಿ ನೋಡಲಿಲ್ಲ.

ಒಂದು ಮಧ್ಯಾಹ್ನ ಮೊದಲ ಕಾಮೆಂಟ್ ಬಂತು: "ಮಿಷನ್ ಸದ್ದು ಎಷ್ಟು ಚೆನ್ನಾಗಿದೆ!" ಹಿಂದೆಯೇ ಇನ್ನೊಂದು: "ಗುಂಡುಸೂಜಿ ಕಚ್ಚಿಕೊಂಡೇ ಮಾತಾಡೋ ಆ ಅಮ್ಮ ಯಾರು?"

ಚಿಕ್ಕಮ್ಮ ಮಾತಾಡುತ್ತಿದ್ದುದೇ ಹಾಗೆ. ತಂಗಿಯನ್ನು ಕರೆದೆ. ಅವಳು ಹೆಡ್‌ಫೋನ್ ಹಾಕಿಕೊಂಡು ಆಟ ತೆರೆದಳು. ಕೋಣೆಯಲ್ಲಿ ಮಿಷನ್ ಎಣ್ಣೆಯ ವಾಸನೆ ಹರಡಿತು. ಬಗ್ಗಿ ಕೂತಿದ್ದವಳು ಯಾರೋ ಗದರಿದ ಹಾಗೆ ಬೆನ್ನು ನೆಟ್ಟಗೆ ಮಾಡಿದಳು.

"ಹ್ಞೂಂ, ಊಟ ಆಯ್ತು ಚಿಕ್ಕಮ್ಮ," ಎಂದಳು ಮೆಲ್ಲಗೆ.

"ಏನೇ ಕೇಳಿಸ್ತಿದೆ?"

"ಸುಮ್ನಿರು ಅಕ್ಕ, ಮಾತಾಡ್ತಿದಾರೆ."

ಕಿತ್ತುಕೊಂಡು ಕಿವಿಗಿಟ್ಟೆ. ಏನೂ ಇಲ್ಲ. ಹೆದರಿಕೆಗಿಂತ ಹೊಟ್ಟೆಕಿಚ್ಚೇ ಹೆಚ್ಚಾಯಿತು.

"ನನ್ ಹತ್ರ ಯಾಕೆ ಮಾತಾಡಲ್ವಂತೆ?"

"ನೀನು ಕೆಲಸದಲ್ಲಿದೀಯಂತೆ. ತೊಂದರೆ ಕೊಡಬಾರದಂತೆ."

ಈಗ ಎಷ್ಟೋ ಜನ ಆಡುತ್ತಾರೆ. ಮೊನ್ನೆ ಅಂಚೆಯಲ್ಲಿ ಒಂದು ಅಂಗಿ ಬಂತು. ಕಳಿಸಿದ್ದು ಆಟವಾಡುವ ಯಾರೋ. "ಆ ಅಮ್ಮ ಹೇಳಿದ ಅಳತೆಗೆ ಹೊಲಿದೆ" ಎಂದು ಬರೆದಿದ್ದರು. ಹಾಕಿಕೊಂಡೆ. ನನಗೆಂದೇ ಹೊಲಿದ ಹಾಗೆ ಮೈಗೆ ಕೂತಿತು. ನನ್ನ ವಿಳಾಸವನ್ನು ನಾನು ಎಲ್ಲೂ ಹಾಕಿಲ್ಲ.