ಹುಣಸೆ ಮರ ಹತ್ತಿದ ಬೂದಿ

"ಕಲ್ಲು ಒಗೀಬ್ಯಾಡ್ವೋ! ಬಿದ್ದೋಗ್ತೈತೆ ಅದು!"

ಮುದ್ದಕ್ಕ ಓಡಿಬಂದು ಉಗ್ರಪ್ಪನ ಕೈ ಹಿಡಿದು ಜಗ್ಗಿದಳು. ಅವನ ಕೈಯಲ್ಲಿದ್ದ ಕಲ್ಲು ಜಾರಿ ಕೆಳಗೆ ಬಿತ್ತು.

"ಬೀಳ್ಲಿ ಅಂತಾನೇ ಒಗೀತಿರೋದು ಕಣೇ," ಎಂದ ಉಗ್ರಪ್ಪ. ಅವನೂ ಅವಳ ಜೊತೆ ಐದನೇ ಕ್ಲಾಸು. "ಬಿದ್ರೆ ತಾನೇ ಕೆಳಕ್ ಬರೋದು?"

"ಅಷ್ಟೆತ್ತರದಿಂದ ಬಿದ್ರೆ ಸತ್ತೋಗ್ತೈತೆ!"

"ಏನೂ ಆಗಲ್ಲ. ಬೆಕ್ಕು ಎಲ್ಲಿಂದ ಬಿದ್ರೂ ಕಾಲೂರಿ ನಿಂತ್ಕಂತೈತೆ."

ಹಾಗೆಂದನಾದರೂ ಅವನು ಮತ್ತೆ ಕಲ್ಲೆತ್ತಲಿಲ್ಲ. ಇಬ್ಬರೂ ತಲೆ ಎತ್ತಿ ನೋಡಿದರು.

ಸ್ಕೂಲಿನ ಹಿಂದಿನ ಹುಣಸೆ ಮರ ಊರಿಗೇ ದೊಡ್ಡದು. ಆಷಾಢದ ಗಾಳಿಗೆ ಅದರ ಕೊಂಬೆಗಳೆಲ್ಲ ಓಲಾಡುತ್ತಿದ್ದವು. ಮೇಲೆ, ಕೊಂಬೆ ಸಣ್ಣದಾಗುವ ಕಡೆ, ಬೂದು ಬಣ್ಣದ ಒಂದು ಮುದ್ದೆ ಅಂಟಿಕೊಂಡಿತ್ತು. ಅದೇ ಬೂದಿ, ಮುದ್ದಕ್ಕನ ಬೆಕ್ಕು. ಮೊದಲ ದಿನ ಅದರ ಕೂಗು ಊರಿಗೆಲ್ಲ ಕೇಳಿತ್ತು. ನಿನ್ನೆ ಸಣ್ಣಗೆ ಅಳುತ್ತಿತ್ತು. ಇವತ್ತು ಬಾಯಿ ತೆರೆಯುವುದು ಮಾತ್ರ ಕಾಣುತ್ತಿತ್ತು, ದನಿ ಬರುತ್ತಿರಲಿಲ್ಲ.

ಬೂದಿ ಮರ ಹತ್ತಿ ಮೂರು ದಿನವಾಗಿತ್ತು.

ಅದು ಯಾಕೆ ಹತ್ತಿತು ಎಂಬುದು ಮುದ್ದಕ್ಕನಿಗೆ ಮಾತ್ರ ಗೊತ್ತು. ಸೋಮವಾರ ಅವಳು ಬೆಕ್ಕನ್ನು ಬ್ಯಾಗಿನಲ್ಲಿ ಹಾಕಿಕೊಂಡು ಸ್ಕೂಲಿಗೆ ತಂದಿದ್ದಳು. ಗೆಳತಿಯರಿಗೆ ತೋರಿಸಿ, ಊಟದ ಹೊತ್ತಿಗೆ ಮನೆಗೆ ಬಿಟ್ಟು ಬರುವುದು ಅವಳ ಆಸೆ. ಮರದ ಹತ್ತಿರ ಬರುವಾಗಲೇ ಎದುರಿಗೆ ಕುರಿಮಂದೆ ಬಂತು, ಜೊತೆಗೆ ಎರಡು ನಾಯಿ. ಬೂದಿ ಬ್ಯಾಗಿನಿಂದ ಚಂಗನೆ ನೆಗೆದು ಮರ ಹತ್ತಿತು. ನಾಯಿಗಳು ಎಷ್ಟು ಬೊಗಳಿದವೋ ಅದು ಅಷ್ಟು ಮೇಲೆ ಹೋಯಿತು.

ಈ ವಿಷಯ ಅವಳು ಯಾರಿಗೂ ಹೇಳಿರಲಿಲ್ಲ. "ಬೆಕ್ಕು ಸ್ಕೂಲ್‌ವರೆಗೂ ಯಾಕೆ ಹೋತು?" ಎಂದು ಅವ್ವ ಕಾಳಕ್ಕ ಕೇಳಿದಾಗ "ನಂಗೇನ್ ಗೊತ್ತು" ಅಂದಿದ್ದಳು.

ಅಪ್ಪ ಬೆಳಗ್ಗೆ ಕುರಿ ಹೊಡೆದುಕೊಂಡು ಹೋಗುವಾಗ ಮರದ ಕೆಳಗೆ ನಿಂತು ಮೇಲೆ ನೋಡಿದ್ದ. "ಬ್ಯಾರೆ ಮರ ಆಗಿದ್ರೆ ನಾನೇ ಹತ್ತುತಿದ್ದೆ ಮಗಾ," ಎಂದಿದ್ದ. "ಈ ಮರ ಬ್ಯಾಡ."

ಈ ಮರವನ್ನು ಈಗ ಯಾರೂ ಹತ್ತುತ್ತಿರಲಿಲ್ಲ. ಹೋದ ವರ್ಷ ಹುಣಸೆಹಣ್ಣು ಬಡಿಯುವಾಗ ಪಾಲಣ್ಣ ಇದರ ಮೇಲಿಂದಲೇ ಬಿದ್ದಿದ್ದ. ಬೆನ್ನುಮೂಳೆ ಮುರಿಯಿತು. ದುರ್ಗದ ಆಸ್ಪತ್ರೆಯಲ್ಲಿ ಮೂರು ತಿಂಗಳಿದ್ದು ಮನೆಗೆ ಬಂದವನು ಮಂಚ ಬಿಟ್ಟು ಎದ್ದಿರಲಿಲ್ಲ. ಈ ವರ್ಷ ಮರದ ಹಣ್ಣುಗಳನ್ನು ಯಾರೂ ಬಡಿಯಲಿಲ್ಲ. ತಾವಾಗಿ ಉದುರಿ, ದನಗಳ ಕಾಲಿಗೆ ಸಿಕ್ಕಿ ಮಣ್ಣಾದವು.

ಅಂಥ ಮರ ಹತ್ತಬಲ್ಲವನು ಇನ್ನೊಬ್ಬನಿದ್ದ. ಪಾಲಣ್ಣನ ಅಣ್ಣ ಓಬಯ್ಯ.

"ಓಬಯ್ಯನ್ನ ಕೇಳಾಕ್ ಹೋಗೀಯ, ಹುಷಾರು," ಎಂದು ಅವ್ವ ನಿನ್ನೆಯೇ ಹೇಳಿದ್ದಳು. "ಯಾವ ಬಾಯಾಗೆ ಕೇಳ್ತೀಯ?"

ಮುದ್ದಕ್ಕ ಇನ್ನೊಂದು ಸಲ ಮೇಲೆ ನೋಡಿದಳು. ಬೂದಿಯ ತಲೆ ಕೊಂಬೆಯ ಮೇಲೆ ಒರಗಿತ್ತು. ಅವಳು ತಿರುಗಿ ಓಡಿದಳು.

"ಎಲ್ಲಿಗೆ ಹೊಂಟ್ಯೇ? ಬೆಲ್ ಆಗ್ತೈತೆ!" ಎಂದು ಉಗ್ರಪ್ಪ ಕೂಗಿದ. ಅವಳು ನಿಲ್ಲಲಿಲ್ಲ.

ಓಬಯ್ಯ ಮನೆಯ ಜಗಲಿಯ ಮೇಲೆ ಕೂತು ಹಗ್ಗ ಹೊಸೆಯುತ್ತಿದ್ದ. ಮುದ್ದಕ್ಕ ಏದುಸಿರು ಬಿಡುತ್ತಾ ಅವನ ಮುಂದೆ ನಿಂತಳು.

"ಓಬಯ್ಯ ಮಾವ, ನಮ್ ಬೆಕ್ಕು ಮರ ಹತ್ತೈತೆ. ಇಳಿಯಾಕೆ ಬರ್ತಿಲ್ಲ."

"ಯಾವ ಮರ?"

ಮುದ್ದಕ್ಕ ಸ್ಕೂಲಿನ ಕಡೆ ಕೈ ತೋರಿಸಿದಳು. ಓಬಯ್ಯನ ಕೈ ನಿಂತಿತು.

"ಮನೆಗೆ ಹೋಗಮ್ಮಿ," ಎಂದ.

"ಮೂರು ದಿನ ಆತು ಮಾವ. ಒಂದು ತೊಟ್ಟು ನೀರೂ ಕುಡ್ದಿಲ್ಲ..."

"ಹೋಗು ಅಂದ್ನಲ್ಲ!"

ಅವನು ಅಷ್ಟು ಜೋರಾಗಿ ಕೂಗುತ್ತಾನೆಂದು ಅವಳು ಅಂದುಕೊಂಡಿರಲಿಲ್ಲ. ಅವಳು ಹಿಂದೆ ಸರಿದಳು. ಬಿಕ್ಕಿ ಅಳತೊಡಗಿದಳು. ತಿರುಗಿ ಹೊರಡಬೇಕು, ಅಷ್ಟರಲ್ಲಿ ಮನೆಯೊಳಗಿಂದ ಒಂದು ದನಿ ಕೇಳಿತು.

"ಯಾರದು ಅಳ್ತಿರೋದು? ಒಳಕ್ ಬಾ."

ಮುದ್ದಕ್ಕ ಓಬಯ್ಯನ ಮುಖ ನೋಡಿದಳು. ಅವನು ಒಳಗೆ ಹೋಗು ಎನ್ನಲಿಲ್ಲ, ಬೇಡ ಎನ್ನಲೂ ಇಲ್ಲ. ಅವಳು ಹೊಸ್ತಿಲು ದಾಟಿದಳು.

ಒಳಗೆ ಕತ್ತಲು. ಬೇವಿನೆಣ್ಣೆಯ ವಾಸನೆ. ಹಗ್ಗದ ಮಂಚದ ಮೇಲೆ ಪಾಲಣ್ಣ ಮಲಗಿದ್ದ. ಸೊಂಟದಿಂದ ಕೆಳಗೆ ಕಂಬಳಿ ಹೊದೆಸಿತ್ತು. ಮೊದಲೆಲ್ಲ ಅವನು ಮರದ ಮೇಲಿಂದ ಸಿಳ್ಳೆ ಹಾಕಿ ಮಕ್ಕಳನ್ನು ಕರೆಯುತ್ತಿದ್ದ. ಲಂಗ ಹಿಡಿದು ನಿಂತರೆ ಸಾಕು, ದೋರೆಗಾಯಿ ಹುಣಸೆಯನ್ನು ಗುರಿಯಿಟ್ಟು ಅದರೊಳಗೇ ಹಾಕುತ್ತಿದ್ದ. ಈಗ ಅವನ ಗಲ್ಲದ ಮೂಳೆಗಳು ಎದ್ದು ಕಾಣುತ್ತಿದ್ದವು. ಅವನು ಬಿದ್ದ ಮೇಲೆ ಮುದ್ದಕ್ಕ ಈ ಮನೆಗೆ ಬಂದಿರಲಿಲ್ಲ. ಮಕ್ಕಳು ಯಾರೂ ಬಂದಿರಲಿಲ್ಲ.

"ರಂಗಪ್ಪನ ಮಗಳಲ್ವೇನೆ? ಎಷ್ಟು ಎತ್ತರ ಆಗಿದೀಯ!" ಎಂದ ಪಾಲಣ್ಣ. "ಹೆಂಗ್ ಹತ್ತಿತು ಬೆಕ್ಕು?"

ಅವ್ವನಿಗೆ ಹೇಳದ್ದು ಅವನ ಮುಂದೆ ತಾನಾಗಿ ಬಾಯಿಂದ ಬಂತು. "ನಾನೇ ಬ್ಯಾಗಲ್ಲಿ ಹಾಕ್ಕಂಡ್ ಬಂದಿದ್ದೆ ಮಾವ. ನಾಯಿ ಅಟ್ಟಿಸ್ಕಂಡ್ ಹೋತು."

ಪಾಲಣ್ಣ ಬೈಯಲಿಲ್ಲ. "ಯಾವ ಕೊಂಬೆ? ಸ್ಕೂಲ್ ಕಡೆಗ್ ಬಾಗೈತಲ್ಲ ಅದಾ? ಕೆರೆ ಕಡೇದಾ?"

"ಕೆರೆ ಕಡೇದು."

"ತುದೀಲೈತಾ?"

"ಹ್ಞೂಂ."

ಪಾಲಣ್ಣ ಸ್ವಲ್ಪ ಹೊತ್ತು ಕಣ್ಣು ಮುಚ್ಚಿದ. ಆಮೇಲೆ ಕೂಗಿದ. "ಅಣ್ಣಾ!"

ಓಬಯ್ಯ ಬಾಗಿಲಿಗೆ ಬಂದು ನಿಂತ.

"ನೀನು ಹತ್ತು. ನನ್ನ ಮಂಚ ಹೊರಿಸ್ಕಂಡ್ ನಡಿ. ಕೆಳಗಿದ್ದು ನಾನು ಹೇಳ್ತೀನಿ."

"ನಿಂಗೇನು ತಲೆ ಕೆಟ್ಟೈತಾ?"

ಒಲೆಯ ಮುಂದಿದ್ದ ಅವರ ತಾಯಿ ಜುಂಜಮ್ಮ ಎದ್ದು ಬಂದಳು. "ಬ್ಯಾಡ ಕಣಪ್ಪ," ಎಂದು ಕೈ ಮುಗಿದಳು. "ಒಬ್ಬ ಮಲಗಿರೋದು ಸಾಲ್ದಾ?"

"ಆ ಮರ ನಂಗೊತ್ತು ಕಣವ್ವ," ಎಂದ ಪಾಲಣ್ಣ. "ಎಲ್ಲಿ ಗಂಟೈತೆ, ಎಲ್ಲಿ ಟೊಳ್ಳೈತೆ, ಎಲ್ಲಾ ಗೊತ್ತು. ಜೀವ ಇರೋದು ಅದು. ಸಾಯೋವರ್ಗೂ ನೋಡ್ಕಂಡ್ ನಿಂತಿರ್ಬೇಕಾ?"

ಓಬಯ್ಯ ಬಹಳ ಹೊತ್ತು ತಮ್ಮನನ್ನೇ ನೋಡಿದ. ಆಮೇಲೆ ಮೂಲೆಯಲ್ಲಿದ್ದ ಗೋಣಿಚೀಲ ತೆಗೆದು ಸೊಂಟಕ್ಕೆ ಕಟ್ಟಿಕೊಂಡ. ಹಗ್ಗದ ಸಿಂಬೆಯನ್ನು ಹೆಗಲಿಗೆ ಹಾಕಿಕೊಂಡ.

ಮಂಚಕ್ಕೆ ನಾಲ್ಕು ಜನ ಬೇಕಿತ್ತು. ಓಬಯ್ಯ ಒಂದು ಕಡೆ ಹಿಡಿದ. ಸುದ್ದಿ ಕೇಳಿ ಓಡಿಬಂದ ಕಾಳಕ್ಕ ಮಗಳನ್ನು ಒಮ್ಮೆ ದುರುಗುಟ್ಟಿ ನೋಡಿ ಇನ್ನೊಂದು ಕಡೆ ಹಿಡಿದಳು. ಉಗ್ರಪ್ಪನ ಅಪ್ಪ ಬಂದ. ಸ್ಕೂಲಿನಿಂದ ಶಿವಕುಮಾರಪ್ಪ ಮೇಷ್ಟ್ರು ಬಂದು ನಾಲ್ಕನೇ ಕಾಲಿಗೆ ಕೈ ಹಾಕಿದರು. ಬೀದಿಯಲ್ಲಿ ಜನ ಬಾಗಿಲಿಗೆ ಬಂದು ನಿಂತರು. ಬೆಳಕು ಕಣ್ಣಿಗೆ ಹೊಡೆದು ಪಾಲಣ್ಣ ಕೈ ಅಡ್ಡ ಹಿಡಿದುಕೊಂಡಿದ್ದ.

ಮಂಚವನ್ನು ಮರದ ಕೆಳಗೆ ಇಳಿಸಿದರು. ಪಾಲಣ್ಣ ಕೈ ತೆಗೆದು ಮೇಲೆ ನೋಡಿದ.

ಓಬಯ್ಯ ಬೊಡ್ಡೆಯ ಮೇಲೆ ಕೈ ಇಟ್ಟು ನಿಂತ. ನಿಂತೇ ಇದ್ದ.

"ಬಲಗಾಲು ಆ ಗಂಟಿನ ಮ್ಯಾಲಿಡು," ಎಂದ ಪಾಲಣ್ಣ ಮೆಲ್ಲಗೆ. "ಹ್ಞಾ. ಈಗ ಎಡಗೈ ಮ್ಯಾಲಿನ ಸಂದಿಗೆ ಹಾಕು."

ಓಬಯ್ಯ ಹತ್ತತೊಡಗಿದ. ಪಾಲಣ್ಣ ಹೇಳುತ್ತಾ ಹೋದ. "ಅದನ್ನ ಹಿಡೀಬ್ಯಾಡ, ಒಣಗೈತೆ. ಆಚೆ ಕಡೇದು ಹಿಡ್ಕ. ಗಾಳಿ ಬರ್ತೈತೆ, ನಿಲ್ಲು. ಉಸ್ರು ತಗ. ಈಗ ಹೋಗು."

ಫಟ್ ಎಂದು ಒಂದು ರೆಂಬೆ ಮುರಿದು ಕೆಳಗೆ ಬಿತ್ತು. ಜುಂಜಮ್ಮ ಸೆರಗಿನಿಂದ ಮುಖ ಮುಚ್ಚಿಕೊಂಡು ಅಲ್ಲೇ ಕುಸಿದು ಕೂತಳು. ಮೇಲೆ ಓಬಯ್ಯ ಕೊಂಬೆಯನ್ನು ತಬ್ಬಿಕೊಂಡು ಅಲುಗದೆ ನಿಂತುಬಿಟ್ಟಿದ್ದ.

ಬೇಡ, ಇಳಿದು ಬಾ ಮಾವ ಎಂದು ಕೂಗಬೇಕು ಅನ್ನಿಸಿತು ಮುದ್ದಕ್ಕನಿಗೆ. ಆದರೆ ಬೂದಿ? ಅವಳು ಅವ್ವನ ಸೆರಗನ್ನು ಬಿಗಿಯಾಗಿ ಹಿಡಿದುಕೊಂಡಳು.

"ಅಣ್ಣ, ಏನೂ ಆಗಿಲ್ಲ," ಎಂದ ಪಾಲಣ್ಣ. "ನಾನಿದೀನಿ. ಎಡಗಾಲು ಒಂದಿಷ್ಟು ಕೆಳಕ್ ಬಿಡು, ಅಲ್ಲೊಂದು ಕವಲೈತೆ."

ಓಬಯ್ಯನ ಕಾಲು ಕವಲು ಹುಡುಕಿತು, ಸಿಕ್ಕಿತು. ಅವನು ಕೆರೆ ಕಡೆಯ ಕೊಂಬೆಗೆ ಬಂದ. ಬೂದಿ ಅವನನ್ನು ಕಂಡು ಇನ್ನೂ ತುದಿಗೆ ಸರಿಯಿತು.

"ಇನ್ನೊಂದು ಮಾರು ಮುಂದಕ್ ಹೋದ್ರೆ ಸಿಗ್ತೈತೆ!" ಎಂದು ಮೇಲಿಂದ ಓಬಯ್ಯ ಕೂಗಿದ.

"ಬ್ಯಾಡ!" ಪಾಲಣ್ಣ ಕಿರುಚಿದ. ಎರಡೂ ಕೈಯಿಂದ ಮಂಚದ ಪಟ್ಟಿ ಹಿಡಿದು ಏಳಲು ಹವಣಿಸಿದ. "ಸಾಕು ಅಲ್ಲಿಗೆ! ಮುಂದಕ್ ಹೋಗ್ಬ್ಯಾಡ! ಅಲ್ಲೇ ಕುಂತ್ಕ!"

ಓಬಯ್ಯ ನಿಂತ. ಕೊಂಬೆಯ ಮೇಲೆ ಕಾಲು ಇಳಿಬಿಟ್ಟು ಕೂತ. ಆಮೇಲೆ ಮೇಲಿಂದ ಅವನ ದನಿ ಬಂತು. ಅದು ಅವನ ದನಿಯಂತೆಯೇ ಇರಲಿಲ್ಲ.

"ಪಾಲಾ... ಅವತ್ತು ಇನ್ನೊಂದು ಕೊಂಬೆ ಬಡಿ, ಅದೊಂದು ಯಾಕ್ ಬಿಡ್ತೀಯ ಅಂದೋನು ನಾನೇ ಕಣೋ."

"ಗೊತ್ತಣ್ಣ," ಎಂದ ಪಾಲಣ್ಣ. "ಈಗ ಸುಮ್ನೆ ಕುಂತ್ಕ."

ಮೇಷ್ಟ್ರು ತಲೆ ತಗ್ಗಿಸಿದರು. ಕಾಳಕ್ಕನ ಕೈ ಮಗಳ ಭುಜವನ್ನು ಗಟ್ಟಿಯಾಗಿ ಒತ್ತಿತು.

"ಬೂದೀ, ಹೋಗೇ, ಮಾವನ ಹತ್ರ ಹೋಗೇ..." ಮುದ್ದಕ್ಕ ಕೂಗತೊಡಗಿದಳು.

"ನೀನು ಕರೀಬ್ಯಾಡಮ್ಮಿ," ಎಂದ ಪಾಲಣ್ಣ. "ನೀನು ಕರೆದ್ರೆ ಅದು ಕೆಳಕ್ ನೋಡ್ತೈತೆ. ಹೆದರ್ಕಂತೈತೆ."

ಮುದ್ದಕ್ಕ ಬಾಯಿ ಮುಚ್ಚಿಕೊಂಡಳು. ಎಷ್ಟು ಹೊತ್ತಾಯಿತೋ ಗೊತ್ತಿಲ್ಲ. ಓಬಯ್ಯ ಕೈ ಚಾಚಿ, ಅಲುಗಾಡದೆ ಕೂತಿದ್ದ. ಬೂದಿ ಒಂದು ಕಾಲು ಮುಂದಿಟ್ಟಿತು. ನಿಂತಿತು. ಇನ್ನೊಂದು ಕಾಲು. ಕೊಂಬೆ ಓಲಾಡಿದಾಗ ಮತ್ತೆ ಅಂಟಿಕೊಂಡಿತು. ಕೊನೆಗೆ ಹೊಟ್ಟೆ ಎಳೆಯುತ್ತಾ ಬಂದು ಅವನ ತೋಳಿಗೆ ಉಗುರು ಹಾಕಿ ಹತ್ತಿಬಿಟ್ಟಿತು. ಅವನು ಹಲ್ಲು ಕಚ್ಚಿ ಅದನ್ನು ಚೀಲಕ್ಕೆ ತುಂಬಿ, ಹಗ್ಗ ಕಟ್ಟಿ, ಕೆಳಗೆ ಬಿಟ್ಟ.

ಮುದ್ದಕ್ಕ ಚೀಲ ಬಿಚ್ಚಿದಳು. ಬೂದಿ ಹಗುರವಾಗಿತ್ತು. ಮುಂಗಾಲಿನ ಉಗುರು ಕಿತ್ತು ರಕ್ತ ಒಣಗಿತ್ತು. ಅವಳ ಎದೆಗೆ ಮುಖ ಒತ್ತಿ ನಡುಗತೊಡಗಿತು.

ಯಾರೂ ಚಪ್ಪಾಳೆ ತಟ್ಟಲಿಲ್ಲ. ಎಲ್ಲರೂ ಮೇಲೆಯೇ ನೋಡುತ್ತಿದ್ದರು. ಓಬಯ್ಯ ಇಳಿಯುವವರೆಗೂ ಪಾಲಣ್ಣ ಹೇಳುತ್ತಲೇ ಇದ್ದ. ಕಾಲು ನೆಲಕ್ಕೆ ತಾಗಿದ್ದೇ ಓಬಯ್ಯ ಮಂಚದ ಪಕ್ಕ ಕುಕ್ಕರಿಸಿದ. ಮಂಚದ ಪಟ್ಟಿಗೆ ತಲೆ ಆನಿಸಿದ. ಅವನ ಬೆನ್ನು ಅಲುಗುತ್ತಿತ್ತು. ದೊಡ್ಡ ಗಂಡಸು ಹಾಗೆ ಅಳುವುದನ್ನು ಮುದ್ದಕ್ಕ ಯಾವತ್ತೂ ನೋಡಿರಲಿಲ್ಲ. ಪಾಲಣ್ಣ ಅವನ ತಲೆಯ ಮೇಲೆ ಕೈ ಇಟ್ಟ. ಆದರೆ ಅವನ ಕಣ್ಣು ಮರದ ಮೇಲೇ ಇತ್ತು.

ಸೋನೆ ಹನಿಯತೊಡಗಿತು. "ಮಗ ನೆನೀತಾನೆ, ಎತ್ರಪ್ಪ," ಎಂದಳು ಜುಂಜಮ್ಮ.

"ಇರ್ಲಿ ಕಣವ್ವ. ಒಂದಿಷ್ಟೊತ್ತು," ಎಂದ ಪಾಲಣ್ಣ.

ಆಮೇಲೆ ಅವನನ್ನು ಮಂಚದ ಸಮೇತ ಮನೆಗೆ ಹೊತ್ತುಕೊಂಡು ಹೋದರು.

ಸಂಜೆ ಬೂದಿ ಒಂದು ಬಟ್ಟಲು ಹಾಲು ಕುಡಿದು ಒಲೆಯ ಪಕ್ಕ ಮಲಗಿತು. ಕಾಳಕ್ಕ ಒಲೆ ಹಚ್ಚುತ್ತಿದ್ದಳು.

"ಅವ್ವಾ, ನಾನೇ ಬ್ಯಾಗಲ್ಲಿ ಹಾಕ್ಕಂಡ್ ಹೋಗಿದ್ದೆ," ಎಂದಳು ಮುದ್ದಕ್ಕ.

"ಗೊತ್ತು. ಪುಸ್ತಕಕ್ಕೆಲ್ಲ ಕೂದ್ಲು ಮೆತ್ತಿತ್ತು."

ಅವ್ವ ಬೈಯುತ್ತಾಳೆಂದು ಮುದ್ದಕ್ಕ ಕಾದಳು. ಅವ್ವ ಬೈಯಲಿಲ್ಲ.

"ಅವ್ವಾ, ಪಾಲಣ್ಣ ಮಾವ ಎದ್ದು ಓಡಾಡೋದು ಯಾವಾಗ?"

ಕಾಳಕ್ಕ ಊದುಗೊಳವೆ ತೆಗೆದುಕೊಂಡು ಒಲೆ ಊದಿದಳು. ಬೆಂಕಿ ಹತ್ತಿತು. ಹತ್ತಿದ ಮೇಲೂ ಊದುತ್ತಲೇ ಇದ್ದಳು.

ಮಾರನೆಯ ದಿನ ಸ್ಕೂಲು ಬಿಟ್ಟಿತು. "ಕುಂಟೆಬಿಲ್ಲೆ ಆಡಾಣ ಬಾರೇ!" ಎಂದು ಗೆಳತಿಯರು ಕರೆದರು. "ನೀವಾಡ್ರಿ," ಎಂದು ಮುದ್ದಕ್ಕ ಇನ್ನೊಂದು ಬೀದಿಗೆ ತಿರುಗಿದಳು.

ಓಬಯ್ಯನ ಮನೆಯ ಜಗಲಿಯಲ್ಲಿ ಯಾರೂ ಇರಲಿಲ್ಲ. ಬಾಗಿಲು ಅರ್ಧ ತೆರೆದಿತ್ತು. ಅವಳು ಹೊಸ್ತಿಲ ಮೇಲೆ ನಿಂತಳು.

"ಯಾರು?" ಎಂದ ಪಾಲಣ್ಣ.

"ನಾನು, ಮುದ್ದಕ್ಕ."

"ಮತ್ತೆ ಹತ್ತಿತಾ ನಿನ್ ಬೆಕ್ಕು?"

"ಇಲ್ಲ. ಕುಂಟ್ಕಂಡು ಓಡಾಡ್ತೈತೆ."

"ಹ್ಞೂಂ. ಮತ್ಯಾಕ್ ಬಂದೆ? ಅಣ್ಣ ಬೇಕಿತ್ತಾ?"

ಮುದ್ದಕ್ಕ ಕಾಲ ಹೆಬ್ಬೆರಳಿಂದ ಹೊಸ್ತಿಲು ಕೆರೆದಳು. ದಾರಿಯುದ್ದಕ್ಕೂ ಏನೇನೋ ಹೇಳಬೇಕು ಅಂದುಕೊಂಡು ಬಂದಿದ್ದಳು. ಒಂದೂ ನೆನಪಾಗಲಿಲ್ಲ.

"ಸುಮ್ನೆ ಬಂದೆ ಮಾವ."

ಪಾಲಣ್ಣ ಮುಖ ಆ ಕಡೆ ತಿರುಗಿಸಿಕೊಂಡ. ಹೊರಗೆ ಗಾಳಿ ಬೀಸುತ್ತಿತ್ತು. ಆಮೇಲೆ ಅವನು ಎರಡೂ ಕೈಯಿಂದ ತನ್ನ ಕಾಲುಗಳನ್ನು ಎತ್ತಿ, ಒಂದೊಂದಾಗಿ ಪಕ್ಕಕ್ಕೆ ಸರಿಸಿ, ಮಂಚದ ಅಂಚಿನಲ್ಲಿ ಜಾಗ ಮಾಡಿದ.

"ಕುಂತ್ಕ ಬಾ," ಎಂದ.

ಮುದ್ದಕ್ಕ ಬ್ಯಾಗು ಕೆಳಗಿಟ್ಟು ಅವನ ಪಕ್ಕ ಕೂತಳು.